ಮನೆಯ ನಲ್ಲಿ ಮತ್ತು ಫ್ಯೂಸು: ನಾವೇ ಮಾಡಿಕೊಳ್ಳಬಹುದಾದ ರಿಪೇರಿ



ಹೋದ ಮಳೆಗಾಲದಲ್ಲಿ ರಾಗಿ ಪೈರು ನೋಡಲೆಂದು ನಮ್ಮ ಹೆಬ್ಬೂರು ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದೆ. ಹೊಲದಿಂದ ಬಂದು ಒಂದು ಮನೆಯ ಹಿತ್ತಲಿನಲ್ಲಿ ಕೈಕಾಲು ತೊಳೆಯಲು ಹೋದಾಗ ಮನೆಯ ಯಜಮಾನರು ಕೂಗಿ ಹೇಳಿದರು: "ಸ್ವಾಮಿ, ಆ ನಲ್ಲಿ ಮುಟ್ಟಬೇಡಿ, ಜುಮ್ಮನ್ನುತ್ತೆ. ತೊಟ್ಟಿ ನೀರಲ್ಲಿ ತೊಳ್ಕೊಳ್ಳಿ." ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ಯುಗಾದಿಯಿಂದಲೂ ಹೀಗೇ ಎಂದರು. ಮನೆಯವರೆಲ್ಲ ಚಪ್ಪಲಿ ಮೆಟ್ಟಿಕೊಂಡು ನಲ್ಲಿ ತಿರುಗಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಮೂರು ವರ್ಷದ ಮೊಮ್ಮಗು ಅದೇ ಹಿತ್ತಲಿನಲ್ಲಿ ಬರಿಗಾಲಲ್ಲಿ ಆಡುತ್ತಿತ್ತು.

ನಾನು ಓದಿದ್ದು ಕೃಷಿ ಡಿಪ್ಲೊಮಾ. ನಲ್ಲಿ, ಕರೆಂಟಿನ ವಿಷಯ ಇವನಿಗೇಕೆ ಎಂದು ನೀವು ಕೇಳಬಹುದು. ಆದರೆ ಮನೆಮನೆಗೆ ಹೋಗುವವನಿಗೆ ಬೆಳೆಯ ರೋಗದಂತೆ ಮನೆಯ ರೋಗವೂ ಕಣ್ಣಿಗೆ ಬೀಳುತ್ತದೆ. ಸಣ್ಣ ರಿಪೇರಿಗೆ ವಾರಗಟ್ಟಲೆ ಯಾರನ್ನೋ ಕಾಯುವುದು, ಕೈ ಹಾಕಲೇಬಾರದ ಕಡೆ ಧೈರ್ಯವಾಗಿ ಕೈ ಹಾಕುವುದು, ಎರಡನ್ನೂ ನೋಡಿದ್ದೇನೆ. ಆದಕಾರಣ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸುಲಭದ ಕೆಲಸ, ತೊಟ್ಟಿಕ್ಕುವ ನಲ್ಲಿ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿ. ಸುಮಾರು 4,000 ಹನಿಗೆ ಒಂದು ಲೀಟರೆಂದರೂ 20 ಲೀಟರಿಗೆ ಮೇಲೆ ನೀರು ಬಚ್ಚಲಿಗೆ ಹೋಯಿತು. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರೆಂದು ಲೆಕ್ಕ ಹಿಡಿದಿದ್ದಾರೆ. ಹಾಗಾದರೆ ಒಂದು ಹಾಳು ವಾಷರು ಒಬ್ಬರ ಪಾಲಿನ ಮೂರನೆಯ ಒಂದಂಶಕ್ಕಿಂತ ಹೆಚ್ಚು ಕುಡಿಯುತ್ತದೆ.

ಮನೆಗೆ ನೀರು ಬರುವ ಗೇಟ್ ವಾಲ್ವನ್ನು ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿದುಹೋಗಲು ಬಿಡಿ. ಒಂದು ಸ್ಪ್ಯಾನರಿನಿಂದ ಪೈಪನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಲ್ಲಿಯ ತಲೆಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಒಳಗಿನ ಕಡ್ಡಿಯ ತುದಿಯಲ್ಲಿ ರಬ್ಬರ್ ಬಿಲ್ಲೆಯಿದೆ, ಅದೇ ವಾಷರು. ಸವೆದು ನಡುವೆ ಉಂಗುರದ ಗುರುತು ಬಿದ್ದಿರುತ್ತದೆ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಸೈಕಲ್ ಟ್ಯೂಬು ಕತ್ತರಿಸಿ ಹಾಕುವವರಿದ್ದಾರೆ. ವಾಷರು ಸಿಗುವವರೆಗೆ ಆಗಬಹುದು, ಅಷ್ಟೆ. ಅರ್ಧ ಸುತ್ತಿಗೇ ತೆರೆಯುವ ಈಗಿನ ನಲ್ಲಿಗಳಲ್ಲಿ ಈ ವಾಷರಿಲ್ಲ; ಅದರ ಒಳಗಿನ ಬಿಡಿಭಾಗವನ್ನೇ ಬದಲಿಸಬೇಕು.

ಹೊಸ ವಾಷರು ಹಾಕಿದರೂ ಸೋರಿದರೆ ಅದು ಕೂರುವ ಜಾಗವನ್ನು ನೋಡಿ. ನಮ್ಮ ಕಡೆಯ ಕೊಳವೆಬಾವಿ ನೀರು ಗಡಸು. ಬಿಳಿ ಸುಣ್ಣ ಕಟ್ಟಿರುತ್ತದೆ. ಹುಣಸೆಹಣ್ಣು ಕಿವುಚಿದ ಗಟ್ಟಿ ನೀರನ್ನು ಬಟ್ಟೆಯಲ್ಲಿ ಅದ್ದಿ ಒಂದೆರಡು ಗಂಟೆ ಒತ್ತಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಹುಣಸೆಗೆ ತುಮಕೂರು ಜಿಲ್ಲೆಯಲ್ಲಿ ಬರವೇನಿಲ್ಲ. ನಲ್ಲಿಯನ್ನು ಪೈಪಿಗೆ ಮತ್ತೆ ತಿರುಗಿಸುವಾಗ ಮರೆಗೆ ಬಿಳಿ ಟೇಪನ್ನು ನಲ್ಲಿ ತಿರುಗುವ ದಿಕ್ಕಿಗೇ ಏಳೆಂಟು ಸುತ್ತು ಸುತ್ತಿ. ಎದುರು ದಿಕ್ಕಿಗೆ ಸುತ್ತಿದರೆ ತಿರುಗಿಸುತ್ತಿದ್ದಂತೆ ಬಿಚ್ಚಿಕೊಳ್ಳುತ್ತದೆ. ಒಡೆದ ಪಿ.ವಿ.ಸಿ. ಪೈಪಿಗೆ ಬಟ್ಟೆ ಕಟ್ಟಿ ಪ್ರಯೋಜನವಿಲ್ಲ. ಒಡೆದ ತುಂಡನ್ನು ನೇರವಾಗಿ ಕೊಯ್ದು ತೆಗೆದು, ತುದಿಗಳನ್ನು ಒರಸಿ ಒಣಗಿಸಿ, ಅಂಟು ಹಚ್ಚಿ ಜೋಡಿಸಿ ಅರ್ಧ ನಿಮಿಷ ಅಲುಗದಂತೆ ಹಿಡಿಯಿರಿ. ರಾತ್ರಿಯೆಲ್ಲ ಒಣಗಲಿ, ಬೆಳಿಗ್ಗೆ ನೀರು ಬಿಡಿ. ಬಿಸಿಲಿಗೆ ಬಿದ್ದ ಪೈಪು ಬೇಗ ಒಡೆಯುತ್ತದೆ. ಅದನ್ನು ಮಣ್ಣಿನೊಳಗೆ ಹೂಳುವುದು ಮೇಲು.

ಇನ್ನು ಫ್ಯೂಸು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಮೊದಲು ಕರೆಂಟು ಬಂದದ್ದು ಭಾಗ್ಯಜ್ಯೋತಿಯಲ್ಲಿ, ಒಂದು ದೀಪಕ್ಕೆಂದು. ಅಂದು ಎಳೆದ ಸಣ್ಣ ತಂತಿಯ ಮೇಲೆಯೇ ಇಂದು ಫ್ಯಾನು, ಟಿ.ವಿ., ಮಿಕ್ಸಿ, ಫ್ರಿಜ್ಜು, ನೀರು ಕಾಯಿಸುವ ಕಾಯಿಲು ಎಲ್ಲವೂ ಕೂತಿವೆ. ಒಂದು ಎತ್ತು ಎಳೆಯುವ ಗಾಡಿಗೆ ಲಾರಿ ಲೋಡು ಹೇರಿದಂತೆ. ಲೆಕ್ಕ ಕಷ್ಟವಿಲ್ಲ. ಮನೆಯ ಕರೆಂಟು 230 ವೋಲ್ಟು. 5 ಆಂಪಿಯರಿನ ಫ್ಯೂಸು ತಡೆಯುವುದು 5ನ್ನು 230ರಿಂದ ಗುಣಿಸಿದಷ್ಟು, ಅಂದರೆ 1,150 ವಾಟು. ಕಾಯಿಲೊಂದೇ 1,000ದಿಂದ 1,500 ವಾಟು ಎಳೆಯುತ್ತದೆ. ಅದನ್ನು ದೀಪದ ಲೈನಿಗೆ ಸಿಕ್ಕಿಸಿದರೆ ಫ್ಯೂಸು ಸುಟ್ಟುಹೋಗುವುದು ನ್ಯಾಯವೇ.

ಆಗ ನಾವು ಮಾಡುವುದೇನು? ಯಾವುದೋ ಹಳೆಯ ವೈರು ಸುಲಿದು ದಪ್ಪ ತಂತಿ ಕಟ್ಟುತ್ತೇವೆ. "ಇನ್ನು ಹೋಗಲ್ಲ ಬಿಡಿ" ಎನ್ನುತ್ತೇವೆ. ಹೌದು, ಫ್ಯೂಸು ಹೋಗುವುದಿಲ್ಲ. ಅದರ ಬದಲು ಗೋಡೆಯೊಳಗಿನ, ಹೆಂಚಿನ ಕೆಳಗಿನ ತಂತಿ ಕಾದು ಕರಗುತ್ತದೆ. ಅಟ್ಟದ ಮೇಲೆ ತೆಂಗಿನ ಮಟ್ಟೆ, ಕೊಬ್ಬರಿ, ಹುಲ್ಲು ತುಂಬಿಟ್ಟವರು ಇದನ್ನು ಯೋಚಿಸಬೇಕು.

ಫ್ಯೂಸು ಕಟ್ಟುವ ಕ್ರಮ ಇದು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಕೈ ಒಣಗಿರಲಿ, ಕಾಲಿಗೆ ರಬ್ಬರ್ ಚಪ್ಪಲಿಯಿರಲಿ, ಒಣ ಮರದ ಮಣೆಯ ಮೇಲೆ ನಿಲ್ಲಿ. ಪಿಂಗಾಣಿ ಫ್ಯೂಸನ್ನು ಎಳೆದು ತೆಗೆದು, ಸುಟ್ಟ ತಂತಿಯ ಚೂರು, ಮಸಿ ಎಲ್ಲ ಒರಸಿ. ಅಂಗಡಿಯಲ್ಲಿ ಫ್ಯೂಸ್ ವೈರು ಎಂದೇ ಕೇಳಿ. ದೀಪ, ಫ್ಯಾನಿನ ಲೈನಿಗೆ 5 ಆಂಪಿಯರಿನದು. ಎರಡೂ ಕಡೆ ಸ್ಕ್ರೂವಿಗೆ ಬಲಕ್ಕೆ ಒಂದು ಸುತ್ತು ಸುತ್ತಿ ಬಿಗಿ ಮಾಡಿ. ತಂತಿಯನ್ನು ವೀಣೆಯ ತಂತಿಯಂತೆ ಎಳೆಯಬಾರದು. ಫ್ಯೂಸನ್ನು ಜಾಗಕ್ಕೆ ಒತ್ತಿದ ಮೇಲೆಯೇ ಮೇನ್ ಹಾಕಿ.

ಮತ್ತೆ ಸುಟ್ಟರೆ ಮನೆಯ ಎಲ್ಲ ಸ್ವಿಚ್ಚು ಆಫ್ ಮಾಡಿ, ಪ್ಲಗ್ಗು ಕಿತ್ತು, ಹೊಸ ತಂತಿ ಕಟ್ಟಿ ಮೇನ್ ಹಾಕಿ. ನಂತರ ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಫ್ಯೂಸು ಹೋಯಿತೋ ಅದರಲ್ಲೇ ದೋಷವಿರಬೇಕು; ಅದರ ಜೊತೆಗೆ ಕಾಯಿಲಿನಂಥ ದೊಡ್ಡದೇನಾದರೂ ಓಡುತ್ತಿತ್ತೇ ಎಂಬುದನ್ನೂ ನೋಡಿ. ಏನೂ ಹಾಕದೆಯೇ ಹೋದರೆ ದೋಷ ಒಳಗಿನ ತಂತಿಯಲ್ಲಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಪರವಾನಗಿಯಿರುವ ವೈರ್‌ಮನ್‌ನನ್ನು ಕರೆಯಿರಿ. ಹೊಸ ಮನೆಗಳ ಎಂ.ಸಿ.ಬಿ. ಪದೇ ಪದೇ ಬಿದ್ದರೂ ಇದೇ ಪರೀಕ್ಷೆ. ಅದು ಬೀಳದಂತೆ ದಾರ ಕಟ್ಟಿದ್ದ ಮನೆಯನ್ನೂ ನಾನು ನೋಡಿದ್ದೇನೆ!

ಈಗ ಆ ಜುಮ್ಮೆನ್ನುವ ನಲ್ಲಿಗೆ ಬರೋಣ. ಆ ಮನೆಯಲ್ಲಿ ಸಂಪಿನ ಮೋಟಾರಿನ ಅರ್ತ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಹಿಂದೆ ಪೈಪೆಲ್ಲ ಕಬ್ಬಿಣವಾಗಿದ್ದಾಗ, ಸೋರಿದ ಕರೆಂಟು ಅದರ ಮೂಲಕ ಭೂಮಿಗೆ ಇಳಿದು ಹೋಗುತ್ತಿತ್ತು. ಪೈಪು ತುಕ್ಕು ಹಿಡಿದಾಗ ನೆಲದೊಳಗಿನ ಭಾಗವನ್ನು ಪಿ.ವಿ.ಸಿ.ಗೆ ಬದಲಿಸಿದರು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಮೋಟಾರಿನಿಂದ ಸೋರಿದ್ದು ನಲ್ಲಿಯಲ್ಲೇ ನಿಂತು, ಬರಿಗಾಲಲ್ಲಿ ಮುಟ್ಟುವವರಿಗಾಗಿ ಕಾಯುತ್ತಿತ್ತು. ನಲ್ಲಿ ರಿಪೇರಿ ಮಾಡಿದವರಿಗೆ ಕರೆಂಟಿನ ಯೋಚನೆ ಬರಲಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲೂ ಹೀಗೆ ಪೈಪು ಬದಲಿಸಿದ್ದರೆ ಇಂದೇ ನೋಡಿ.

"ಫ್ಯೂಸು ಇತ್ತಲ್ಲ ಸ್ವಾಮಿ, ಅದು ಯಾಕೆ ಹೋಗಲಿಲ್ಲ?" ಎಂದು ಆ ಯಜಮಾನರು ಕೇಳಿದರು. ಒಳ್ಳೆಯ ಪ್ರಶ್ನೆ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರೆಂದರೆ 5,000 ಮಿಲಿಆಂಪಿಯರು. ಅದರ ನೂರನೆಯ ಒಂದಂಶ, 50 ಮಿಲಿಆಂಪಿಯರು ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. ಮನುಷ್ಯನನ್ನು ಕಾಯುವುದು ಸರಿಯಾದ ಅರ್ತ್ ಮತ್ತು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಹೋದ ಕರೆಂಟು ಪೂರ್ತಿ ಹಿಂದಿರುಗದೆ 30 ಮಿಲಿಆಂಪಿಯರಿನಷ್ಟು ಬೇರೆ ದಾರಿ ಹಿಡಿದರೆ ಈ ಸ್ವಿಚ್ಚು ಕಣ್ಣು ಮಿಟುಕಿಸುವುದರೊಳಗೆ ಲೈನನ್ನು ಕಡಿಯುತ್ತದೆ. ಮನೆಗೆ ಬಣ್ಣ ಹೊಡೆಸುವ ಖರ್ಚನ್ನು ಒಂದು ವರ್ಷ ಮುಂದಕ್ಕೆ ಹಾಕಿಯಾದರೂ ಇದನ್ನು ಹಾಕಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ಅರ್ತ್ ಗುಂಡಿಯನ್ನು ವೈರ್‌ಮನ್ ಮಾಡಿಕೊಡಲಿ. ಅದನ್ನು ನೋಡಿಕೊಳ್ಳುವ ಕೆಲಸ ನಿಮ್ಮದು. ನಮ್ಮ ಕೆಂಪು ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ; ಒಣಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಾಘದಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ಸಲ ಗುಂಡಿಗೆ ಒಂದು ಕೊಡ ನೀರು ಹಾಕಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನು ಅರ್ತಿನದು. ಸಾಕೆಟ್ಟಿಗೆ ಹಿಡಿಸಲಿಲ್ಲವೆಂದು ಅದನ್ನು ಮುರಿಯಬೇಡಿ. ಕಾಯಿಲು ಹಾಕಿದ ಬಕೆಟ್ಟಿನ ನೀರು ಕಾದಿದೆಯೇ ಎಂದು ನೋಡುವ ಮುನ್ನ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕೀಳಿ.

ಕೈ ಹಾಕಬಾರದ ಜಾಗಗಳು: ಮೀಟರು, ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿ, ಕಂಬ, ಟಿ.ಸಿ. ರಾತ್ರಿ ತ್ರೀ ಫೇಸ್ ಬಂದಾಗ ಟಿ.ಸಿ.ಯ ಫ್ಯೂಸು ಹೋಗಿ, ತೋಟಕ್ಕೆ ನೀರು ತಪ್ಪುತ್ತದೆಂದು ಕೋಲು ಹಿಡಿದು ಹೊರಡುವವರಿದ್ದಾರೆ. ಅಲ್ಲಿರುವುದು 230 ವೋಲ್ಟಲ್ಲ, 11,000 ವೋಲ್ಟು. ಬೆಸ್ಕಾಂನ 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಒಂದು ರಾತ್ರಿ ನೀರು ತಪ್ಪಿದರೆ ಅಡಿಕೆ ಸಾಯುವುದಿಲ್ಲ. ಹಾಗೆಯೇ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿರುವವರು ಅದನ್ನು ಬಿಚ್ಚಿ ನೈಲಾನ್ ಹಗ್ಗ ಕಟ್ಟಿ. ಸರ್ವಿಸ್ ತಂತಿ ಸವೆದು ಅದಕ್ಕೆ ತಗುಲಿದರೆ ಒದ್ದೆ ಸೀರೆ ಹರಡುವ ಹೆಂಗಸಿಗೆ ಅಪಾಯ.

ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟಬೇಡಿ. ಮೇನ್ ಆರಿಸಿ; ಆಗದಿದ್ದರೆ ಒಣ ಮರದ ಕೋಲಿನಿಂದ ಮನೆಯ ತಂತಿಯನ್ನು ದೂರ ತಳ್ಳಿ. ಕಂಬದ ತಂತಿಯಾದರೆ ಲೈನು ತೆಗೆಸುವವರೆಗೆ ಹತ್ತಿರವೇ ಹೋಗಬೇಡಿ. 108ಕ್ಕೆ ಫೋನು ಮಾಡಿ. ಬಿಡಿಸಿದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈಯಿಟ್ಟು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಲವಾಗಿ ಒತ್ತುತ್ತಿರಿ, ವಾಹನ ಬರುವವರೆಗೂ.

ಮುಂದಿನ ಸಲ ನಿಮ್ಮ ಊರಿಗೆ ಬರುವಾಗ ಒಂದು ಹಳೆಯ ನಲ್ಲಿ, ಒಂದು ಪಿಂಗಾಣಿ ಫ್ಯೂಸು, ಒಂದು ಸುರುಳಿ ಫ್ಯೂಸ್ ವೈರು ತರುತ್ತೇನೆ. ಗಂಡಸರು ಮಾತ್ರ ಬಂದರೆ ಸಾಲದು. ಹಗಲು ಮನೆಯಲ್ಲಿರುವವರು ಹೆಂಗಸರು, ಮುದುಕರು. ಮೇನ್ ಸ್ವಿಚ್ ಎಲ್ಲಿದೆ, ಯಾವ ಕಡೆಗೆ ಎಳೆಯಬೇಕು ಎಂಬುದು ಅವರಿಗೆ ಮೊದಲು ಗೊತ್ತಿರಬೇಕು.