ನಾಲ್ಕರಲ್ಲಿ ಒಂದು



ಮೂವತ್ತು ವರ್ಷ ಕನ್ನಡ ತರಗತಿಗಳಲ್ಲಿ ಛಂದಸ್ಸನ್ನು ಪಾಠ ಹೇಳಿದವನು ಆನುವಂಶಿಕತೆಯನ್ನು ಕುರಿತು ಮಾತನಾಡಲು ಹೊರಟರೆ ನಿಮಗೆ ನಗು ಬಂದೀತು. ಈ ವಿದ್ಯೆಯ ಅಗತ್ಯ ನನಗೆ ಒದಗಿದ್ದು ನಾನೇ ಆಡಿದ ಒಂದು ತಪ್ಪು ಮಾತಿನಿಂದ.

ನಿವೃತ್ತನಾಗಿ ನಾನು ನೆಲೆಸಿರುವುದು ಬಂಗಾರಪೇಟೆಯಲ್ಲಿ. ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿರುವ ಹಳೆಯ ಶಿಷ್ಯೆಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಆಕೆಯನ್ನು ಸೋದರಮಾವನಿಗೇ ಕೊಟ್ಟಿದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಆ ಸೀಮೆಯಲ್ಲಿ ಇದು ಹಳೆಯ ಸಂಪ್ರದಾಯ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿಯಿದ್ದಲ್ಲಿ ಇದಕ್ಕೆ ಎಡೆಗೊಟ್ಟಿದೆ. ಚೊಚ್ಚಲ ಮಗುವಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಬಸುರಿಯಲ್ಲಿ ಗ್ರಹಣ ನೋಡಿದ ಫಲವೆಂದು ಅತ್ತೆ ಹಳಿಯುತ್ತಾರಂತೆ. ಅತ್ತೆಯೆಂದರೆ ಬೇರೆ ಯಾರೂ ಅಲ್ಲ, ಆಕೆಯ ಹೆತ್ತ ತಾಯಿಯ ತಾಯಿ. ವೈದ್ಯರು ಮಾತ್ರ, ಇದು ತಂದೆತಾಯಿ ಇಬ್ಬರಿಂದಲೂ ಬಂದದ್ದು, ನಾಲ್ಕರಲ್ಲಿ ಒಂದು ಎಂದಿದ್ದರು.

"ಆ ಒಂದು ಆಗಿಹೋಯಿತಲ್ಲ ಮೇಷ್ಟ್ರೆ, ಇನ್ನು ಮೂರಕ್ಕೆ ಭಯವಿಲ್ಲ ತಾನೆ?"

"ಇಲ್ಲಮ್ಮ, ಧೈರ್ಯವಾಗಿರು" ಎಂದುಬಿಟ್ಟೆ.

ಆಕೆ ಹೋದ ಮೇಲೆ ಮನಸ್ಸಿಗೆ ನೆಮ್ಮದಿಯಿಲ್ಲ. ಮೊಮ್ಮಗನ ಜೀವಶಾಸ್ತ್ರದ ಪುಸ್ತಕ ತೆರೆದೆ. ಬ್ರುನ್ ನಗರದ ಮಠದಲ್ಲಿ ಬಟಾಣಿ ಬೆಳೆದು ಕಾಳು ಎಣಿಸಿದ ಪಾದ್ರಿ ಗ್ರೆಗರ್ ಮೆಂಡಲ್ ಅಲ್ಲಿ ಸಿಕ್ಕಿದರು. ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಬೆರೆಸಿದರೆ ಮೊದಲ ಪೀಳಿಗೆಯೆಲ್ಲ ದುಂಡು. ಅದರ ಮುಂದಿನದರಲ್ಲಿ 5,474 ದುಂಡು, 1,850 ಸುಕ್ಕು. ಸುಕ್ಕು ಅಳಿದಿರಲಿಲ್ಲ, ಅಡಗಿತ್ತು. 1866ರಲ್ಲಿ ಅಚ್ಚಾದ ಆ ಲೇಖನದ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ.

ಇಂಥ ಪ್ರತಿಯೊಂದು ಗುಣಕ್ಕೂ ನಮ್ಮಲ್ಲಿ ಎರಡು ಅಂಶಗಳು, ತಂದೆಯಿಂದ ಒಂದು, ತಾಯಿಯಿಂದ ಒಂದು. ಇದನ್ನು ಓದುವಾಗ ನನಗೆ ಪಿಂಗಳನ ಪ್ರಸ್ತಾರ ನೆನಪಾಯಿತು. ಸರಿಯಾದ ಅಂಶವನ್ನು ಗುರು ಎನ್ನಿ, ದೋಷದ ಅಂಶವನ್ನು ಲಘು ಎನ್ನಿ. ಗುರು ಒಂದಿದ್ದರೂ ಕಿವಿ ಕೇಳುತ್ತದೆ. ದಂಪತಿಗಳಿಬ್ಬರಲ್ಲೂ ಒಂದು ಗುರು, ಒಂದು ಲಘು. ಎರಡಕ್ಷರದ ಪ್ರಸ್ತಾರ ಹಾಕಿ: ಗುರು-ಗುರು, ಲಘು-ಗುರು, ಗುರು-ಲಘು, ಲಘು-ಲಘು. ಕೊನೆಯದಕ್ಕೆ ಮಾತ್ರ ಕಿವುಡು. (ಕಿವುಡೆಲ್ಲವೂ ಈ ಬಗೆಯದಲ್ಲ; ಕಾಯಿಲೆಯಿಂದ ಬರುವುದೂ ಉಂಟು.)

ನಾನು ಎಡವಿದ್ದು ಇಲ್ಲಿ: ಈ ಪ್ರಸ್ತಾರವನ್ನು ಪ್ರತಿ ಬಸುರಿಗೂ ಹೊಸದಾಗಿ ಹಾಕಬೇಕು. ಹಿಂದೆ ಏನು ಬಿತ್ತೆಂಬುದು ಚಿಮ್ಮಿದ ನಾಣ್ಯಕ್ಕೆ ನೆನಪಿರದು. ಎರಡನೆಯ ಮಗುವಿಗೂ ಅದೇ ಕಾಲು ಪಾಲಿನ ಭಯ. ಮುಂದಿನ ಮೂವರೂ ಕಿವಿಯುಳ್ಳವರಾಗುವ ಸಂಭವ ಅರವತ್ತನಾಲ್ಕರಲ್ಲಿ ಇಪ್ಪತ್ತೇಳು, ಅರ್ಧಕ್ಕಿಂತ ಕಡಿಮೆ. ಅದನ್ನು ನಾನು ಖಂಡಿತವೆಂಬಂತೆ ಹೇಳಿ ಕಳುಹಿಸಿದ್ದೆ!

ಮರುದಿನವೇ ಮಾರಿಕುಪ್ಪಂ ರೈಲು ಹತ್ತಿದೆ. ಶಿಷ್ಯೆ ಎಲ್ಲವನ್ನೂ ಮೌನವಾಗಿ ಕೇಳಿ, "ನನ್ನ ತಂಗಿಯನ್ನು ಚಿಕ್ಕಮಾವನಿಗೆ ಕೇಳುತ್ತಿದ್ದಾರೆ, ಆ ಲೆಕ್ಕವನ್ನೂ ಹೇಳಿ ಮೇಷ್ಟ್ರೆ" ಎಂದಳು. ಅಲ್ಲೇ ಕುಳಿತು ಹಾಕಿದೆವು. ಲಘು ಅಜ್ಜಿಯಿಂದಲೋ ಅಜ್ಜನಿಂದಲೋ ಇಳಿದುಬಂದಿದ್ದರೆ, ತಂಗಿಯಲ್ಲಿ ಅದಿರುವ ಸಂಭವ ಅರ್ಧ, ಚಿಕ್ಕಮಾವನಲ್ಲಿ ಅರ್ಧ. ಇಬ್ಬರಲ್ಲೂ ಇರುವುದು ಕಾಲು. ಅದರ ಕಾಲು, ಹದಿನಾರರಲ್ಲಿ ಒಂದು. ಹೊರಗಿನವರಲ್ಲಿ ಐವತ್ತಕ್ಕೊಬ್ಬರಲ್ಲಿ ಆ ಲಘು ಇದೆಯೆಂದಿಟ್ಟುಕೊಂಡರೂ, ಹೊರಸಂಬಂಧವಾದರೆ ಅದು ನಾನೂರರಲ್ಲಿ ಒಂದು.

ಅಜ್ಜಿ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. "ಹಾಗಾದರೆ ಗ್ರಹಣದ್ದಲ್ಲವೇ ಸ್ವಾಮಿ? ನನ್ನಿಂದ ಬಂತೆ?" ಎಂದರು.

"ಯಜಮಾನರಿಂದಲೂ ಇರಬಹುದು ತಾಯಿ. ಇದರಲ್ಲಿ ಯಾರ ತಪ್ಪೂ ಇಲ್ಲ" ಎಂದೆ.

ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದು ತೀರಿಕೊಂಡ ಗಂಡನ ಪಟ ಗೋಡೆಯ ಮೇಲಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದರು. ತಂಗಿಯ ಮದುವೆಯ ಮಾತು ಸದ್ಯಕ್ಕೆ ನಿಂತಿದೆ.