ಕಳ್ಳರನ್ನು ಕಾಯುವ ಕಣ್ಣು ಆಕಾಶ ನೋಡಿದಾಗ

ಉರಿಯುವ ಉಲ್ಕೆ ‘ಅಲ್ನೋಡು’ ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಉಳಿಯುವುದು ನೋಡಿದವರ ವಾದ. ಒಬ್ಬ ಕೆರೆಯ ಹಿಂದೆಯೇ ಬಿತ್ತು ಎನ್ನುತ್ತಾನೆ, ಇನ್ನೊಬ್ಬ ಗುಡ್ಡದಾಚೆ ಎನ್ನುತ್ತಾನೆ. ಬಹುಪಾಲು ಇಬ್ಬರದೂ ತಪ್ಪು. ಆ ಬೆಳಕು ಆರಿದ್ದು ನೂರಾರು ಕಿಲೋಮೀಟರ್ ಆಚೆ, ನೆಲದಿಂದ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಇದ್ದೀತು.

ಈ ವಾದವನ್ನು ತೀರಿಸಲು ದಾರಿ ತೋರಿದವರು ಝೆಕೊಸ್ಲೊವಾಕಿಯದ ಒಂಡ್ರೆಯೊವ್ ವೀಕ್ಷಣಾಲಯದವರು. 1950ರ ದಶಕದಲ್ಲಿ ಅವರು ಸುಮಾರು 40 ಕಿ.ಮೀ. ಅಂತರದ ಎರಡು ಕಡೆ ಕ್ಯಾಮೆರಾಗಳನ್ನಿಟ್ಟು ರಾತ್ರಿಗಳನ್ನು ಗಾಜಿನ ಫಲಕಗಳ ಮೇಲೆ ಹಿಡಿಯತೊಡಗಿದರು. ಒಂದೇ ಉಲ್ಕೆ ಎರಡೂ ಕಡೆ ಸಿಕ್ಕರೆ, ಹಿನ್ನೆಲೆಯ ನಕ್ಷತ್ರಗಳನ್ನೇ ಗುರುತುಗಲ್ಲು ಮಾಡಿಕೊಂಡು ಅದರ ಎತ್ತರ, ದಾರಿ ಎರಡನ್ನೂ ಲೆಕ್ಕ ಹಾಕಬಹುದು. ವೇಗಕ್ಕೆ ಇನ್ನೊಂದು ಉಪಾಯ: ಕ್ಯಾಮೆರಾದೆದುರು ಫ್ಯಾನಿನಂತೆ ತಿರುಗುವ ರೆಕ್ಕೆ. ಬೆಳಕಿನ ಗೆರೆಯನ್ನು ಅದು ಸಮನಾದ ಕಾಲದಲ್ಲಿ ಕತ್ತರಿಸುತ್ತ ಹೋಗುತ್ತದೆ. ಒಂದೊಂದು ತುಂಡಿನ ಉದ್ದವೇ ವೇಗ ಹೇಳುತ್ತದೆ.

1959ರ ಏಪ್ರಿಲ್ 7ರ ರಾತ್ರಿ ಭಾರಿ ಅಗ್ನಿಗೋಲವೊಂದು ಈ ಬಲೆಗೆ ಬಿತ್ತು. ಅದೇ ವೀಕ್ಷಣಾಲಯದ ಝ್ಡೆನೆಕ್ ಚೆಪ್ಲೆಖಾ ಅದರ ದಾರಿಯ ಲೆಕ್ಕ ಹಾಕಿದರು. ಪ್ರಿಬ್ರಾಮ್ ಊರಿನ ಬಳಿ ನಾಲ್ಕು ಕಲ್ಲುಗಳು ಸಿಕ್ಕವು. ಕೈಗೆ ಸಿಕ್ಕ ಕಲ್ಲೊಂದು ಅದಕ್ಕೂ ಮೊದಲು ಸೂರ್ಯನನ್ನು ಯಾವ ಕಕ್ಷೆಯಲ್ಲಿ ಸುತ್ತುತ್ತಿತ್ತು ಎಂದು ಚಿತ್ರಗಳಿಂದಲೇ ತಿಳಿದದ್ದು ಅದೇ ಮೊದಲು. ತಮಾಷೆಯೆಂದರೆ, ಆ ಕ್ಯಾಮೆರಾಗಳನ್ನು ಇಟ್ಟದ್ದು ಕಲ್ಲು ಹುಡುಕುವುದಕ್ಕಲ್ಲ, ಸಾಧಾರಣ ಉಲ್ಕೆಗಳ ಅಧ್ಯಯನಕ್ಕೆ.

ಕಲ್ಲಿಗೆಂದೇ ಹೊರಟವರ ಪಾಡು ಬೇರೆ. ಅಮೆರಿಕದ ಬಯಲುಸೀಮೆಯಲ್ಲಿ 1964ರಿಂದ 16 ಕೇಂದ್ರಗಳು ಹತ್ತು ವರ್ಷಕ್ಕೂ ಹೆಚ್ಚು ಕಾದವು. ದಕ್ಕಿದ್ದು 1970ರಲ್ಲಿ ಓಕ್ಲಹೋಮದ ಲಾಸ್ಟ್ ಸಿಟಿಯಲ್ಲಿ ಬಿದ್ದದ್ದೊಂದೇ. ಕೆನಡಾದ 12 ಕೇಂದ್ರಗಳಿಗೂ ಒಂದೇ, 1977ರಲ್ಲಿ ಇನಿಸ್‌ಫ್ರೀಯಲ್ಲಿ ಬಿದ್ದದ್ದು. ಎರಡೂ ಜಾಲಗಳು ಮುಚ್ಚಿದವು.

ಮುಂದಿನ ಉಪಕಾರ ಕಳ್ಳರದು ಎನ್ನಬೇಕು. ಅಂಗಡಿ, ಗೋದಾಮುಗಳ ಕಾವಲಿಗೆಂದು ಕತ್ತಲಲ್ಲೂ ಕಾಣುವ ಸಿಸಿಟಿವಿ ಕ್ಯಾಮೆರಾಗಳು ಬಂದವು, ವರ್ಷ ವರ್ಷಕ್ಕೂ ಅಗ್ಗವಾದವು. ಕ್ರೊಯೇಷಿಯಾದ ಹವ್ಯಾಸಿಗಳು ಅವನ್ನೇ ಆಕಾಶಕ್ಕೆ ತಿರುಗಿಸಿ ಉಲ್ಕಾ ಜಾಲ ಹೆಣೆದರು. ಅಲ್ಲಿ ಪಳಗಿದ ಡೆನಿಸ್ ವಿಡಾ ಮುಂದೆ ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್ ಕಟ್ಟಿದರು. ಮಳೆ ತಡೆಯುವ ಡಬ್ಬಿಯಲ್ಲೊಂದು ಕಾವಲು ಕ್ಯಾಮೆರಾ, ಮನೆಯೊಳಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್. ಒಂದು ಕೇಂದ್ರಕ್ಕೆ ಇಷ್ಟು ಸಾಕು. ಸೆಕೆಂಡಿಗೆ 25 ಚಿತ್ರ ತೆಗೆಯುವ ಈ ಕ್ಯಾಮೆರಾಕ್ಕೆ ತಿರುಗುವ ರೆಕ್ಕೆ ಬೇಡ. ಚಿತ್ರದಿಂದ ಚಿತ್ರಕ್ಕೆ ಉಲ್ಕೆ ಎಷ್ಟು ಸರಿಯಿತು ಎಂಬುದೇ ವೇಗ. ಮನೆಯವರು ಮಲಗಿರುವಾಗ ಪೆಟ್ಟಿಗೆ ತನ್ನ ಪಾಡಿಗೆ ಉಲ್ಕೆಗಳನ್ನು ಹೆಕ್ಕಿ ಬೆಳಿಗ್ಗೆ ಲೆಕ್ಕ ಕಳಿಸುತ್ತದೆ. ವಿಮಾನವನ್ನೂ ಲೆನ್ಸಿನೆದುರು ಹಾರಿದ ಹುಳವನ್ನೂ ಒಮ್ಮೊಮ್ಮೆ ಉಲ್ಕೆಯೆಂದುಕೊಳ್ಳುತ್ತದೆ, ಪಾಪ. ಒಂಟಿ ಕ್ಯಾಮೆರಾದಿಂದ ಚೆಂದದ ಚಿತ್ರ ಸಿಕ್ಕೀತು, ದಾರಿ ಸಿಗದು. ಹಾಗಾಗಿ ಈ ಹವ್ಯಾಸದಲ್ಲಿ ದೂರದೂರಿನ ಇನ್ನೊಂದು ಮನೆಯ ಸೂರು ಬೇಕೇಬೇಕು.

ಇಂಥ ಸೂರುಗಳ ಬೆಲೆ ಗೊತ್ತಾದದ್ದು ಇಂಗ್ಲೆಂಡಿನಲ್ಲಿ. 2021ರ ಫೆಬ್ರುವರಿ 28, ಭಾನುವಾರ ರಾತ್ರಿ 9.54. ಹಲವು ಜಾಲಗಳ ಕ್ಯಾಮೆರಾಗಳ ಜೊತೆಗೆ ಮನೆಬಾಗಿಲ ಕರೆಗಂಟೆಯ ಕ್ಯಾಮೆರಾಗಳೂ ಅಗ್ನಿಗೋಲವೊಂದನ್ನು ಹಿಡಿದವು. ಬೆಳಕು ಆರಿದ ಮೇಲೆ ಕಲ್ಲು ಕತ್ತಲಲ್ಲೇ ಬೀಳುತ್ತದೆ, ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆದ್ದರಿಂದ ಗಾಳಿಯ ಲೆಕ್ಕವನ್ನೂ ಸೇರಿಸಿ ತಜ್ಞರು ಬಿದ್ದಿರಬಹುದಾದ ಜಾಗ ಗುರುತಿಸಿದರು. ಗ್ಲೌಸ್ಟರ್‌ಶೈರಿನ ವಿಂಚ್‌ಕಂಬ್ ಅದರೊಳಗಿತ್ತು. ಅಲ್ಲಿನ ಒಂದು ಮನೆಯವರಿಗೆ ಬೆಳಿಗ್ಗೆ ಅಂಗಳದ ಕಾರುದಾರಿಯ ಮೇಲೆ ಇದ್ದಿಲು ಚೆಲ್ಲಿದಂಥ ಕಪ್ಪು ಪುಡಿ ಕಂಡಿತು. ಗುಡಿಸಿ ಎಸೆಯದೆ ಜೋಪಾನವಾಗಿ ಚೀಲಕ್ಕೆ ತುಂಬಿದ್ದು ಅವರ ದೊಡ್ಡತನ. ಹೊಲಗಳಲ್ಲಿ ಸಿಕ್ಕದ್ದೂ ಸೇರಿ ಅರ್ಧ ಕಿಲೋಗೂ ಮಿಗಿಲಾಯಿತು. ಇಂಗಾಲಯುಕ್ತವಾದ ಅಪರೂಪದ ಜಾತಿಯ ಉಲ್ಕಾಶಿಲೆ ಅದು. ಅದರ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರಿನ ಗುಣ ನಮ್ಮ ಸಾಗರದ ನೀರನ್ನು ಹೋಲುತ್ತಿತ್ತು.

ಕಲ್ಲಿನ ಹಿಂದೆಯೇ ಅದರ ಪೆಟ್ಟು ತಿಂದ ನೆಲವೂ ಲಂಡನ್ನಿಗೆ ಹೋಯಿತು. ಕಾರುದಾರಿಯ ಆ ಭಾಗವನ್ನು ಕತ್ತರಿಸಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಸಾಗಿಸಿದರು.