ಬಾಣಂತಿಯ ಆಹಾರ ಮತ್ತು ಶಿಶುವಿನ ಮುಂದಿನ ಆರೋಗ್ಯ

ಬೊರಿವಲಿಯ ಕನ್ನಡ ಮನೆಗಳಲ್ಲಿ ಬಾಣಂತನವೆಂದರೆ ಊರಿನಿಂದ ಬಂದ ಲೇಹ್ಯ, ಮೆಂತೆ, ಬೆಲ್ಲ, ತುಪ್ಪ. ಜೊತೆಗೆ ಮರಾಠಿ ನೆರೆಮನೆಯ ಅಳೀವ್ ಬೀಜದ ಉಂಡೆ. ಹಾಲು ಹೆಚ್ಚಲೆಂಬುದೇ ಈ ಪಥ್ಯದ ಆಶಯ. ಆದರೆ ಹಾಲಿನ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ.

ಎದೆಹಾಲಿನ ಸಕ್ಕರೆ, ಪ್ರೋಟೀನು, ಕ್ಯಾಲ್ಸಿಯಂಗಳು ತಾಯಿಯ ಊಟದಿಂದ ಹೆಚ್ಚು ಬದಲಾಗವು. ಕ್ಯಾಲ್ಸಿಯಂನ ಒಂದು ಪಾಲನ್ನು ಆಕೆಯ ಎಲುಬುಗಳೇ ತೆರುತ್ತವೆ. ಕೊಬ್ಬಿನ ಬಗೆ, ಅಯೋಡಿನ್, ಬಿ-12 ಜೀವಸತ್ವಗಳು ಮಾತ್ರ ಆಕೆ ಉಣ್ಣುವುದಕ್ಕೆ ತಕ್ಕಂತೆ ಏರಿಳಿಯುತ್ತವೆ. ಬಂಗುಡೆ ತಿನ್ನುವ ತಾಯಿಯ ಹಾಲಿನಲ್ಲಿ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಹೆಚ್ಚು. ಹಾಲು ಮೊಸರನ್ನೂ ಬಿಟ್ಟ ಸಸ್ಯಾಹಾರಿಯ ಹಾಲಿನಲ್ಲಿ ಬಿ-12 ಕುಗ್ಗಿ, ಶಿಶುವಿನ ರಕ್ತಕ್ಕೂ ನರಗಳಿಗೂ ಹಾನಿಯಾಗಬಹುದು.

ಹಾಲೂಡುವ ಇಲಿಗಳಿಗೆ ಕೊಬ್ಬು ಅತಿಯಾದ ಆಹಾರವಿತ್ತಾಗ ಮರಿಗಳು ಮುಂದೆ ಸ್ಥೂಲವಾಗಿ, ಅವುಗಳ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮನುಷ್ಯರಲ್ಲಿ ಸಾಕ್ಷ್ಯ ಇಷ್ಟು ನೇರವಾಗಿಲ್ಲ. ಆದರೂ ಹೆರಿಗೆಗೆ ಮುಂಚಿನ ಕಾಲದ ಕುರಿತು ಮುಂಬಯಿಯೇ ಒಂದು ಪಾಠ ನೀಡಿದೆ. ಇಲ್ಲಿಯ ಕೊಳೆಗೇರಿಗಳಲ್ಲಿ 2006ರಲ್ಲಿ ಆರಂಭವಾದ ಅಧ್ಯಯನದಲ್ಲಿ ಸೊಪ್ಪು, ಹಣ್ಣು, ಹಾಲು ಬೆರೆತ ತಿಂಡಿಯನ್ನು ಗರ್ಭಧಾರಣೆಗೆ ಮೊದಲಿನಿಂದ ತಿಂದವರಲ್ಲಿ ಗರ್ಭಕಾಲದ ಮಧುಮೇಹ ಕಡಿಮೆಯಾಗಿತ್ತು.

ಆದುದರಿಂದ ಲೇಹ್ಯವನ್ನು ಬಿಡಬೇಕಾದುದಿಲ್ಲ. ಪಥ್ಯದ ಹೆಸರಿನಲ್ಲಿ ಸೊಪ್ಪು, ಹಣ್ಣು, ಬೇಳೆಗಳನ್ನು ಬಾಣಂತಿಯ ಎಲೆಯಿಂದ ತೆಗೆಯುವುದನ್ನು ಬಿಡಬೇಕು.